ಹಾಲು ಎಲ್ಲಿ ಹೋಯಿತು? ಒಂದು ಕಾರು, ಮೂರು ವಾರದ ನಾತ

ಅಕ್ಕನ ಫೋನ್ ಬಂದಾಗ ಕಾರಿನಲ್ಲಿ ಹಾಲು ಚೆಲ್ಲಿ ಒಂಬತ್ತು ದಿನ ಕಳೆದಿತ್ತು. “ಒಳಗೆ ಕೂರೋಕೇ ಆಗ್ತಿಲ್ಲ ಕಣೋ. ಯಾರೋ ವಾಂತಿ ಮಾಡಿ ಹೋದ ಹಾಗಿದೆ. ಒಂದ್ಸಲ ಬಂದು ನೋಡು” ಎಂದಳು. ನಾನು ಮೆಕ್ಯಾನಿಕ್ ಅಲ್ಲ. ಏನು ಕೆಟ್ಟರೂ ಬಿಚ್ಚಿ ನೋಡುವ ಚಟ ಇದೆ, ಅಷ್ಟೇ. ಹೋದೆ. ಆಮೇಲಿನ ಹನ್ನೆರಡು ದಿನ ನಾವು ಏನೇನು ಮಾಡಿದೆವು, ಎಲ್ಲೆಲ್ಲಿ ಎಡವಿದೆವು, ಆ ವಾಸನೆ ನಿಜವಾಗಿ ಎಲ್ಲಿ ಅಡಗಿ ಕೂತಿತ್ತು ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಆಗಿದ್ದು ಇಷ್ಟು. ಮುಂದಿನ ಎಡಗಡೆ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ಎರಡು ಲೀಟರ್ ಹಾಲಿನ ಕ್ಯಾನ್ ಇಟ್ಟಿದ್ದರು. ರಸ್ತೆಗೆ ನಾಯಿ ಅಡ್ಡ ಬಂತು, ಭಾವ ಜೋರಾಗಿ ಬ್ರೇಕ್ ಹಾಕಿದರು, ಕ್ಯಾನ್ ಮುಂದಕ್ಕೆ ಉರುಳಿತು, ಮುಚ್ಚಳ ಬಿಟ್ಟುಕೊಂಡಿತು. ಪಕ್ಕಕ್ಕೆ ನಿಲ್ಲಿಸಿ, ಕಾರಿನಲ್ಲಿದ್ದ ಟವೆಲ್‌ನಿಂದ ಒರೆಸಿದರು. ಮ್ಯಾಟ್ ತೆಗೆದು ಮನೆಯಲ್ಲಿ ತೊಳೆದರು. ಮೇಲಿಂದ ನೋಡಿದರೆ ಎಲ್ಲ ಒಣಗಿದ ಹಾಗೇ ಇತ್ತು. ಕಾರು ಲಾಕ್ ಮಾಡಿ ಮಲಗಿದರು.

ನಾಲ್ಕನೇ ದಿನ ಹುಳಿ ವಾಸನೆ ಶುರುವಾಯಿತು. ಎಂಟನೇ ದಿನಕ್ಕೆ ಅದು ನಾತ. ಒಂದು ವಿಚಿತ್ರ ಏನಂದ್ರೆ, ಬೆಳಿಗ್ಗೆ ಹೊತ್ತು ಅಷ್ಟಾಗಿ ಇರುತ್ತಿರಲಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದು ಬಾಗಿಲು ತೆಗೆದರೆ ಮುಖಕ್ಕೆ ಬಡಿಯುತ್ತಿತ್ತು.

ಅಷ್ಟರೊಳಗೆ ಅವರು ಸುಮ್ಮನೆ ಕೂತಿರಲಿಲ್ಲ. ಕನ್ನಡಿಗೆ ಒಂದು ಸೆಂಟಿನ ಬಿಲ್ಲೆ ನೇತು ಹಾಕಿದ್ದರು. ಕಾರ್ಪೆಟ್ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ವ್ಯಾಕ್ಯೂಮ್ ಮಾಡಿದ್ದರು. ಯಾರೋ ಹೇಳಿದರು ಅಂತ ವಿನೆಗರ್ ಕಲಸಿದ ನೀರು ಸಿಂಪಡಿಸಿದ್ದರು. ಕೊನೆಗೆ ತಾಳ್ಮೆಗೆಟ್ಟು ಅರ್ಧ ಬಕೆಟ್ ಶಾಂಪೂ ನೀರು ಸುರಿದು ಬ್ರಷ್‌ನಿಂದ ಉಜ್ಜಿದ್ದರು. ನಾನು ಹೋದಾಗ ಕಾರಿನಲ್ಲಿ ಮಲ್ಲಿಗೆ ಸೆಂಟು, ವಿನೆಗರ್, ಕೊಳೆತ ಹಾಲು, ಒದ್ದೆ ಬಟ್ಟೆಯ ಮುಗ್ಗಲು, ನಾಲ್ಕೂ ಸೇರಿದ ಒಂದು ಹೊಸ ವಾಸನೆ ಇತ್ತು. ಅದಕ್ಕೆ ಹೆಸರು ನನಗೆ ಇನ್ನೂ ಸಿಕ್ಕಿಲ್ಲ.

ಮೊದಲು ಲೆಕ್ಕ

ನನಗೆ ಮೊದಲು ಬೇಕಾಗಿದ್ದು ಔಷಧಿ ಅಲ್ಲ, ಲೆಕ್ಕ. “ಅಕ್ಕ, ಮನೆಗೆ ಬಂದಾಗ ಕ್ಯಾನ್‌ನಲ್ಲಿ ಎಷ್ಟು ಉಳಿದಿತ್ತು?” ಅಂತ ಕೇಳಿದೆ. ಅವಳಿಗೆ ನೆನಪಿತ್ತು. ಕಾಯಿಸಲು ಇಟ್ಟ ಪಾತ್ರೆಯ ಅರ್ಧದಷ್ಟು ಬಂದಿತ್ತಂತೆ. ಅದೇ ಪಾತ್ರೆಗೆ ಅಷ್ಟೇ ಮಟ್ಟಕ್ಕೆ ನೀರು ಹಾಕಿ ಅಳೆದರೆ 1 ಲೀಟರ್ 100 ಮಿಲಿ. ಅಂದರೆ 900 ಮಿಲಿ ಕಾರಿನೊಳಗೆ ಚೆಲ್ಲಿದೆ.

ಮುಂದಿನ ಪ್ರಶ್ನೆ, ಟವೆಲ್ ಎಷ್ಟು ಹೀರಿರಬಹುದು? ಟವೆಲ್ ಇನ್ನೂ ಮನೆಯಲ್ಲೇ ಇತ್ತು. ಒಣಗಿದ್ದ ಅದನ್ನು ಒಂದು ತಟ್ಟೆಯಲ್ಲಿಟ್ಟು, ಅಳತೆ ಲೋಟದಿಂದ ಸ್ವಲ್ಪ ಸ್ವಲ್ಪ ನೀರು ಹಾಕುತ್ತಾ ಹೋದೆವು. 300 ಮಿಲಿ ಆಗುವಷ್ಟರಲ್ಲಿ ಟವೆಲ್ ಸೋರತೊಡಗಿತು. ಹಾಗಾದರೆ ಉಳಿದ 600 ಮಿಲಿ ಎಲ್ಲಿ?

ಭಾವ “ಆರಿ ಹೋಗಿರುತ್ತೆ ಬಿಡು, ಒಂಬತ್ತು ದಿನ ಆಯ್ತಲ್ಲ” ಎಂದರು. ಎಲ್ಲರೂ ಮೋಸ ಹೋಗುವುದು ಇಲ್ಲೇ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಆರುವುದು ಅದು ಮಾತ್ರ. ಉಳಿದ 13 ಪಾಲು ಸಕ್ಕರೆ, ಪ್ರೋಟೀನ್, ಕೊಬ್ಬು, ಲವಣ. ಅವು ಆರಿ ಎಲ್ಲಿಗೂ ಹೋಗುವುದಿಲ್ಲ. 600 ಮಿಲಿ ಹಾಲಿಗೆ ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ 80 ಗ್ರಾಂ. ಒಂದು ಸಣ್ಣ ಬಟ್ಟಲು ತುಂಬ ಹಾಲಿನ ಪುಡಿಯನ್ನು ಕಾರ್ಪೆಟ್ ಕೆಳಗೆ ಹರಡಿ, ನೀರು ಚಿಮುಕಿಸಿ, ಬಿಸಿಲಿಗೆ ಇಟ್ಟ ಹಾಗೆ. ನಮ್ಮ ಕೆಲಸ ಆ 80 ಗ್ರಾಂ ಹುಡುಕಿ ಹೊರಗೆ ತರುವುದು. ಈ ಮಾತನ್ನು ನಾನು ಸರಿಯಾಗಿ ಹಿಡಿದುಕೊಂಡಿದ್ದರೆ ಐದು ದಿನ ಮೊದಲೇ ಕೆಲಸ ಮುಗಿಯುತ್ತಿತ್ತು. ಲೆಕ್ಕ ಹಾಕಿದವನೂ ನಾನೇ, ಅದನ್ನು ಮರೆತವನೂ ನಾನೇ. ಅದಕ್ಕೆ ಆಮೇಲೆ ಬರುತ್ತೇನೆ.

ಆ ವಾಸನೆ ಏನು?

ಬ್ಯಾಕ್ಟೀರಿಯಾಗಳು ಮೊದಲು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ತಾಜಾ ಹಾಲಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 6.7. ಅದು 4.6ರ ಹತ್ತಿರ ಇಳಿದಾಗ ಹಾಲು ಒಡೆದು ಗಟ್ಟಿಯಾಗುತ್ತದೆ. ಇಲ್ಲಿವರೆಗೆ ಬರೀ ಹುಳಿ ವಾಸನೆ, ತಡೆದುಕೊಳ್ಳಬಹುದು. ಆಮೇಲೆ ಸರದಿ ಕೊಬ್ಬಿನದು. ಹಾಲಿನ ಕೊಬ್ಬು ಒಡೆದಾಗ ಬ್ಯುಟಿರಿಕ್ ಆಮ್ಲ ಹೊರಬರುತ್ತದೆ. 1810ರ ದಶಕದಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರೋಲ್ ಇದನ್ನು ಬೆಣ್ಣೆಯಲ್ಲೇ ಗುರುತಿಸಿದ್ದು, ಹೆಸರೂ ಬೆಣ್ಣೆಯಿಂದಲೇ ಬಂದದ್ದು. ವಾಂತಿಯಲ್ಲಿ ಮೂಗಿಗೆ ಹೊಡೆಯುವುದೂ ಮುಖ್ಯವಾಗಿ ಇದೇ. ಅಕ್ಕ ಫೋನಿನಲ್ಲಿ ಹೇಳಿದ ಹೋಲಿಕೆ ಅಷ್ಟು ಸರಿಯಾಗಿತ್ತು.

600 ಮಿಲಿ ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲ ಒಟ್ಟು ಒಂದು ಗ್ರಾಮಿಗೂ ಕಡಿಮೆ. ಅದರಲ್ಲಿ ಚೂರೇ ಚೂರು ಗಾಳಿಗೆ ಸೇರಿದರೆ ಸಾಕು, ನಮ್ಮ ಮೂಗಿಗೆ ತಿಳಿಯುತ್ತದೆ. ಬಿಸಿ ಆದಷ್ಟೂ ಅದು ಜಾಸ್ತಿ ಆವಿಯಾಗುತ್ತದೆ. ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಮೊದಲ ಹತ್ತು ನಿಮಿಷದಲ್ಲೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿಬಿಡುತ್ತದೆ, ಆಮೇಲೂ ಏರುತ್ತಾ ಹೋಗುತ್ತದೆ. ಬೆಳಿಗ್ಗೆ ಇಲ್ಲದ ನಾತ ಮಧ್ಯಾಹ್ನ ಬರುವುದಕ್ಕೆ ಇದೇ ಕಾರಣ. ಹಾಗಾಗಿ ವಾಸನೆ ಹೋಯಿತಾ ಅಂತ ಬೆಳಿಗ್ಗೆ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿ ಆಮೇಲೆ ಬಾಗಿಲು ತೆಗೆಯಬೇಕು.

ಇನ್ನೊಂದು ತೊಂದರೆ ನಮ್ಮದೇ ಮೂಗು. ಕೆಟ್ಟ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಅರ್ಧ ಗಂಟೆ ಕೆಲಸ ಮಾಡಿದ ಮೇಲೆ “ಈಗ ಪರವಾಗಿಲ್ಲ ಅಲ್ವಾ” ಅನ್ನಿಸುತ್ತದೆ, ವಾಸನೆ ಮಾತ್ರ ಅಲ್ಲೇ ಇರುತ್ತದೆ. ಅದಕ್ಕೆ ಅಕ್ಕನ ಒಂಬತ್ತು ವರ್ಷದ ಮಗನನ್ನು ಮೂಗಿನ ಕೆಲಸಕ್ಕೆ ನೇಮಿಸಿದೆವು. ದಿನಾ ಸ್ಕೂಲಿಂದ ಬಂದ ಕೂಡಲೇ, ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದು ಮೂಸಿ, ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು. ಅವನು ಇದನ್ನು ಪರೀಕ್ಷೆಗಿಂತ ಗಂಭೀರವಾಗಿ ತೆಗೆದುಕೊಂಡ. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ. ಮೊದಲ ದಿನದ ಅಂಕ: 5. ಪಕ್ಕದಲ್ಲಿ ‘ಛೀ’ ಅಂತ ಷರಾ.

ಆಗಲೇ ಮಾಡಿದ್ದ ಉಪಾಯಗಳು

ಸೆಂಟಿನ ಬಗ್ಗೆ ಹೇಳುವುದೇನಿಲ್ಲ. ತೆಗೆದು ಬಿಸಾಕಿದೆ. ಅದು ಇದ್ದರೆ ನಾತ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದೇ ಕಷ್ಟ.

ಅಡುಗೆ ಸೋಡಾ ಕೆಟ್ಟ ಉಪಾಯವಲ್ಲ. ಅದು ಬ್ಯುಟಿರಿಕ್ ಆಮ್ಲದ ಜೊತೆ ಸೇರಿದರೆ ಲವಣವಾಗುತ್ತದೆ. ಲವಣ ಆವಿಯಾಗುವುದಿಲ್ಲ, ಹಾಗಾಗಿ ಮೂಗಿಗೆ ಬರುವುದಿಲ್ಲ. ಆದರೆ ಒಣ ಪುಡಿ ಕಾರ್ಪೆಟ್‌ನ ನೂಲಿನ ಮೇಲೆ ಕೂತಿರುತ್ತದೆ, ಹಾಲು ಇರುವುದು ಎರಡು ಬೆರಳು ಕೆಳಗೆ. ಒಂದಕ್ಕೊಂದು ಮುಟ್ಟುವುದೇ ಇಲ್ಲ. ನೀರಿನಲ್ಲಿ ಕರಗಿಸಿ ಕೆಳಗೆ ಇಳಿಸಿದರೆ ಮಾತ್ರ ಕೆಲಸ.

ವಿನೆಗರ್ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಎಲ್ಲ ವಾಸನೆಗೂ ವಿನೆಗರ್ ಅನ್ನುವವರು ಜಾಸ್ತಿ. ಮೀನಿನ ನೀರು, ಮೂತ್ರ ಇಂಥವು ಕ್ಷಾರದ ಜಾತಿಯ ವಾಸನೆ. ಅಲ್ಲಿ ವಿನೆಗರ್‌ನ ಆಮ್ಲ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕೊಳೆತ ಹಾಲಿನ ವಾಸನೆಯೇ ಆಮ್ಲ. ಅದರ ಮೇಲೆ ಇನ್ನೊಂದು ಆಮ್ಲ ಸುರಿದರೆ ಏನು ಪ್ರಯೋಜನ? ಇನ್ನೂ ತಮಾಷೆ ಅಂದರೆ, ಅಕ್ಕ ಮೊದಲು ಸೋಡಾ ಹಾಕಿ ಮರುದಿನ ವಿನೆಗರ್ ಹಾಕಿದ್ದಳು. ಸೋಡಾ ಎಲ್ಲೋ ಒಂದಿಷ್ಟು ಬ್ಯುಟಿರಿಕ್ ಆಮ್ಲವನ್ನು ಲವಣ ಮಾಡಿ ಕಟ್ಟಿಹಾಕಿದ್ದರೆ, ವಿನೆಗರ್ ಬಂದು ಆ ಕಟ್ಟು ಬಿಚ್ಚಿತು. ಬುಸ್ಸೆಂದು ನೊರೆ ಬಂದಿದ್ದು ನೋಡಿ ಇಬ್ಬರಿಗೂ ಖುಷಿಯಾಗಿತ್ತಂತೆ. ಸೋಡಾ ಮತ್ತು ವಿನೆಗರ್ ಒಂದನ್ನೊಂದು ತಿಂದುಹಾಕುವ ಸದ್ದು ಅದು. ಕೊಳೆಗೂ ಅದಕ್ಕೂ ಸಂಬಂಧವಿಲ್ಲ.

ಅರ್ಧ ಬಕೆಟ್ ಶಾಂಪೂ ನೀರಿನಿಂದ ಆದ ನಷ್ಟ ಎಲ್ಲಕ್ಕಿಂತ ದೊಡ್ಡದು. ಒಂದು ಅಡಿ ಜಾಗದಲ್ಲಿದ್ದ ಹಾಲು ಆ ನೀರಿನ ಜೊತೆ ಹರಡಿ, ಪೂರ್ತಿ ಒದ್ದೆಯಾಗಿ ಉಳಿಯಿತು. ನೀರು ಹಾಕುವುದು ತಪ್ಪಲ್ಲ. ಹಾಕಿದ ನೀರನ್ನು ವಾಪಸ್ ಎಳೆಯುವ ದಾರಿ ಇಲ್ಲದೆ ಹಾಕುವುದು ತಪ್ಪು. ಒದ್ದೆ ಬಟ್ಟೆ ಒಂದೆರಡು ದಿನ ಹಾಗೇ ಇದ್ದರೆ ಬೂಷ್ಟು ಶುರುವಾಗುತ್ತದೆ, ಆಗ ಎರಡನೇ ವಾಸನೆ.

ನನ್ನ ತಪ್ಪು

ಈಗ ನನ್ನ ಸರದಿ. ನಾನು ಎಂಜೈಮ್ ಇರುವ ಕ್ಲೀನರ್ ತಂದೆ. ಪ್ರೋಟೀನ್ ಮತ್ತು ಕೊಬ್ಬನ್ನು ಚೂರು ಮಾಡುವ ಎಂಜೈಮ್‌ಗಳು ಅದರಲ್ಲಿರುತ್ತವೆ, ಸಾಕುಪ್ರಾಣಿಗಳ ಗಲೀಜು ತೆಗೆಯಲು ಮಾರುವಂಥದ್ದು. ಹಾಲಿನ ಕಲೆಗೆ ಇದು ಸರಿಯಾದ ವಸ್ತು ಅನ್ನುವುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಕಾರ್ಪೆಟ್ ಮೇಲೆ ಚೆನ್ನಾಗಿ ಸಿಂಪಡಿಸಿದೆ, ಹತ್ತು ನಿಮಿಷ ಬಿಟ್ಟು ಒರೆಸಿದೆ. ಹಾಳೆಯಲ್ಲಿ ಅಂಕ 5ರಿಂದ 3ಕ್ಕೆ ಇಳಿಯಿತು, ಮರುದಿನ 2. ನಾನು ಮೀಸೆ ತಿರುವಿದೆ. ಮೂರನೇ ದಿನ ಮತ್ತೆ 4.

ಎರಡು ತಪ್ಪು. ಒಂದು, ಎಂಜೈಮ್ ನಿಧಾನದ ಕೆಲಸಗಾರ. ಅದು ಗಂಟೆಗಟ್ಟಲೆ ಒದ್ದೆಯಾಗಿರಬೇಕು, ಒಣಗಿದರೆ ಕೆಲಸ ನಿಂತಿತು. ಹತ್ತು ನಿಮಿಷದಲ್ಲಿ ಒರೆಸಿದ್ದು ಸುಮ್ನೆ ದುಡ್ಡು ದಂಡ. ಎರಡು, ಹಾಲು ಎಷ್ಟು ಆಳಕ್ಕೆ ಹೋಗಿದೆಯೋ ಅಷ್ಟೇ ಆಳಕ್ಕೆ ಕ್ಲೀನರ್ ಹೋಗಬೇಕು. ನಾನು ಬಾಟಲಿಯಿಂದ ಸಿಂಪಡಿಸಿದ್ದು ಮೇಲಿನ ನೂಲನ್ನು ತೊಯ್ಸಿತು, ಅಷ್ಟೇ. ಮೇಲಿನದು ಶುದ್ಧವಾಯಿತು, ವಾಸನೆ ಇಳಿಯಿತು. ಆಮೇಲೆ ಕೆಳಗಿನ ತೇವ ಒಣಗುತ್ತಾ ಮೇಲೇರಿತು, ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ, ಜೊತೆಗೆ ಕೊಳೆಯನ್ನೂ ಹೊತ್ತುಕೊಂಡು. ಒರೆಸಿದ ಕಲೆ ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಕಾಣುವುದೂ ಹೀಗೇ.

600 ಮಿಲಿ ಹಾಲು ನೂಲಿನ ಮೇಲೆ ನಿಲ್ಲಲು ಸಾಧ್ಯವೇ ಇಲ್ಲ ಅಂತ ನಮ್ಮ ಲೆಕ್ಕವೇ ಹೇಳುತ್ತಿತ್ತು. ನಾನು ಕೇಳಲಿಲ್ಲ.

ಸೀಟು ಬಿಚ್ಚಿದ ದಿನ

ಕಾರಿನ ನೆಲದಲ್ಲಿ ಕಾಣುವ ಕಾರ್ಪೆಟ್ ಒಂದು ಪದರ ಮಾತ್ರ. ಅದರ ಕೆಳಗೆ ಸದ್ದು ತಡೆಯಲು ಒಂದು ದಪ್ಪ ಪ್ಯಾಡ್ ಇರುತ್ತದೆ. ಕೆಲವದರಲ್ಲಿ ಫೋಮ್, ಕೆಲವದರಲ್ಲಿ ಬಟ್ಟೆ ಚೂರುಗಳನ್ನು ಒತ್ತಿ ಮಾಡಿದ್ದು. ಅದರ ಕೆಳಗೆ ತಗಡಿನ ನೆಲ. ತಗಡು ಹೀರುವುದಿಲ್ಲ, ಕಾರ್ಪೆಟ್ ಗಾಳಿಗೆ ಬಿಡುವುದಿಲ್ಲ. ನಡುವಿನ ಪ್ಯಾಡ್ ನೆನೆದರೆ ತಿಂಗಳಾದರೂ ನೆನೆದೇ ಇರುತ್ತದೆ.

ಕಾರ್ಪೆಟ್ ಎತ್ತಬೇಕಾದರೆ ಮುಂದಿನ ಸೀಟು ತೆಗೆಯಬೇಕಿತ್ತು. ನಾಲ್ಕು ಬೋಲ್ಟ್ ಅಷ್ಟೇ ತಾನೇ ಅಂತ ಸ್ಪ್ಯಾನರ್ ಹಿಡಿದೆ. ಸೀಟಿನ ಕೆಳಗೆ ಬಗ್ಗಿ ನೋಡಿದರೆ ಹಳದಿ ಬಣ್ಣದ ವೈರಿನ ಕನೆಕ್ಟರ್. ಹಳದಿ ಅಂದರೆ ಸಾಮಾನ್ಯವಾಗಿ ಏರ್‌ಬ್ಯಾಗ್. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಗೊತ್ತಿದ್ದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕನೆಕ್ಟರ್ ಬಿಡಿಸಿದರು. “ಇದು ಬಿಚ್ಚಿರೋವಾಗ ಯಾರೂ ಕೀ ತಿರುಗಿಸಬೇಡಿ ಸಾರ್, ಡ್ಯಾಶ್‌ಬೋರ್ಡಲ್ಲಿ ಏರ್‌ಬ್ಯಾಗ್ ಲೈಟ್ ಹತ್ತಿಕೊಂಡು ಕೂತುಬಿಡುತ್ತೆ” ಎಂದರು. ವಾಪಸ್ ಕೂರಿಸುವಾಗಲೂ ಬೋಲ್ಟ್‌ಗಳನ್ನು ಅಳತೆಯ ಬಿಗಿಗೆ ಬಿಗಿಯಬೇಕು, ಅಪಘಾತದಲ್ಲಿ ಸೀಟನ್ನು ಹಿಡಿಯುವುದು ಅವೇ. ಈ ಭಾಗವನ್ನು ಗೊತ್ತಿಲ್ಲದವರು ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಕ್ಲಿಪ್ಪಿನಿಂದ ಎದ್ದು ಬಂತು. ಕಾರ್ಪೆಟ್ ಅಂಚು ಹಿಡಿದು ಮೆಲ್ಲಗೆ ಎತ್ತಿದೆ. ಅಕ್ಕ ಮನೆಯೊಳಗೆ ಹೋಗಿಬಿಟ್ಟಳು. ಪ್ಯಾಡ್ ಬೂದು ಬಣ್ಣದ್ದು, ಆದರೆ ಸೀಟಿನ ಕೆಳಗಿನ ಭಾಗದಲ್ಲಿ ಹಳದಿಗಟ್ಟಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಬೆರಳಿನ ಸುತ್ತ ಬೆಳ್ಳಗೆ ನೀರು ಎದ್ದು ಬಂತು, ಬೆರಳು ತೆಗೆದರೆ ಮತ್ತೆ ಇಂಗಿತು. ಹದಿಮೂರು ದಿನ ಆಗಿತ್ತು. ಪ್ಯಾಡ್‌ಗೂ ತಗಡಿಗೂ ನಡುವೆ ಮೊಸರಿನ ಕೆನೆಯಂಥ ಒಂದು ತೆಳ್ಳನೆ ಪದರ. ಕಾರ್ಡ್‌ನ ಅಂಚಿನಿಂದ ಕೆರೆದರೆ ಸುರುಳಿ ಸುರುಳಿಯಾಗಿ ಬಂತು. ಕಾಣೆಯಾದ 80 ಗ್ರಾಮಿನ ದೊಡ್ಡ ಪಾಲು ಕಣ್ಣಿಗೆ ಬಿತ್ತು. ವಾಸನೆ ಎಷ್ಟು ಕೆಟ್ಟದಾಗಿದ್ದರೂ ನನಗೆ ಆ ಕ್ಷಣ ಸಂತೋಷವೇ ಆಯಿತು.

ಪ್ಯಾಡ್ ತೊಳೆಯಬೇಕಾ, ಕತ್ತರಿಸಬೇಕಾ ಅಂತ ಚರ್ಚೆಯಾಯಿತು. ಫೋಮ್ ಆಗಿದ್ದರೆ ತೊಳೆಯುತ್ತಿದ್ದೆ. ಒತ್ತಿದ ಬಟ್ಟೆ ಚೂರಿನ ಪ್ಯಾಡ್ ತೊಳೆದರೆ ಬಿಟ್ಟುಕೊಳ್ಳುತ್ತದೆ, ಒಣಗಲು ವಾರ ಬೇಕು. ಕೆಟ್ಟ ಭಾಗ, ಒಂದೂವರೆ ಅಡಿ ಉದ್ದ ಒಂದು ಅಡಿ ಅಗಲ, ಕತ್ತರಿಸಿ ಎಸೆದೆವು. ಅದೇ ದಪ್ಪದ ಹೊಸ ತುಂಡು ಆಮೇಲೆ ಕೂರಿಸಿದೆವು.

ಕಾರ್ಪೆಟ್ ಮಾತ್ರ ತೊಳೆದೆವು. ತಣ್ಣೀರು, ಪಾತ್ರೆ ತೊಳೆಯುವ ದ್ರವ ಸೋಪು. ಬಿಸಿನೀರು ಬೇಡ ಅಂದೆ, ಸ್ಟೀಮ್ ಅಂತೂ ಬೇಡವೇ ಬೇಡ. ಬಿಸಿಗೆ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಹಿಡಿದುಕೊಳ್ಳುತ್ತದೆ. ಸೋಪು ಹೋಗುವಷ್ಟು ಜಾಲಿಸಿ, ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ನೆನೆಸಿ, ಮತ್ತೆ ಜಾಲಿಸಿದೆವು. ಆಮೇಲೆ ಎಂಜೈಮ್ ಕ್ಲೀನರ್, ಈ ಸಲ ಹಿಂದೆ ಮುಂದೆ ಎರಡೂ ಕಡೆ ತೊಯ್ಯುವಷ್ಟು. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಕೊನೆಯ ಸಲ ಜಾಲಿಸಿ, ನೀರು ಎಳೆಯುವ ವ್ಯಾಕ್ಯೂಮ್ ಹಾಕಿದೆವು. ಭಾವ ಬ್ಲೀಚ್ ತರಲು ಹೊರಟಿದ್ದರು, ತಡೆದೆ. ಬಣ್ಣ ಹೋಗುತ್ತದೆ, ಎಂಜೈಮ್ ಸಾಯುತ್ತದೆ, ಎಲ್ಲಾದರೂ ಉಳಿದ ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ.

ತಗಡಿನ ನೆಲವನ್ನು ಸೋಪು ಬಟ್ಟೆಯಿಂದ ಒರೆಸಿದೆವು. ನೀರು ಸುರಿಯಲಿಲ್ಲ, ಅಲ್ಲಿ ವೈರಿನ ಕಟ್ಟು ಹಾದು ಹೋಗಿತ್ತು. ಸೀಟಿನ ಫೋಮ್ ಅದೃಷ್ಟಕ್ಕೆ ನೆನೆದಿರಲಿಲ್ಲ. ಸೀಟಿನ ಹಳಿಯ ಸಂದಿಯಲ್ಲಿ ಒಣಗಿದ ಹಾಲು ಇತ್ತು, ಹಳೆಯ ಹಲ್ಲುಜ್ಜುವ ಬ್ರಷ್ ಕೆಲಸಕ್ಕೆ ಬಂತು. ಸೀಟ್‌ಬೆಲ್ಟ್ ಪೂರ್ತಿ ಎಳೆದು ನೋಡಿದೆವು, ಅದಕ್ಕೂ ಒಂದು ಕಡೆ ಹಾಲು ಚಿಮ್ಮಿತ್ತು. ಬೆಲ್ಟಿಗೆ ಬರೀ ಸೌಮ್ಯ ಸೋಪು ನೀರು, ಬೇರೇನೂ ಹಾಕಬಾರದು.

ಒಣಗಿಸಲು ಎರಡು ದಿನ ಹಿಡಿಯಿತು. ಬಾಗಿಲು ತೆಗೆದಿಟ್ಟು ಟೇಬಲ್ ಫ್ಯಾನ್. ಕೈಗೆ ಒಣಗಿದ ಹಾಗೆ ಅನ್ನಿಸಿದರೂ ನಂಬಲಿಲ್ಲ. ಒಣ ಟಿಶ್ಯೂ ಮಡಚಿ ಕಾರ್ಪೆಟ್ ಮೇಲಿಟ್ಟು, ಅದರ ಮೇಲೆ ಒಂದು ದಪ್ಪ ಪುಸ್ತಕ ಹೇರಿ ಒಂದು ಗಂಟೆ ಬಿಟ್ಟು ನೋಡುವುದು. ಟಿಶ್ಯೂ ತಣ್ಣಗೆ ಮೆತ್ತಗಾಗಿದ್ದರೆ ಇನ್ನೂ ತೇವ ಇದೆ ಅಂತ. ಮೊದಲ ದಿನ ಸಂಜೆ ಮೆತ್ತಗಾಗಿತ್ತು. ಎರಡನೇ ದಿನ ಗರಿಗರಿ.

ಹದಿನೇಳನೇ ದಿನ ಎಲ್ಲ ವಾಪಸ್ ಕೂರಿಸಿದೆವು. ಹಾಳೆಯಲ್ಲಿ ಅಂಕ 0. ಹದಿನೆಂಟನೇ ದಿನವೂ 0. ನಾನು ಬ್ಯಾಗ್ ಕಟ್ಟಿಕೊಂಡೆ.

ಇನ್ನೂ ಸ್ವಲ್ಪ ಹಾಲು

ಹತ್ತೊಂಬತ್ತನೇ ದಿನ ಭಾವ ಬೇಜಾರಿನ ಮುಖ ಹೊತ್ತು ಬಂದರು. “ಮತ್ತೆ ಬಂತು. ಜಾಸ್ತಿ ಇಲ್ಲ, ಆದರೆ ಅದೇ.”

ಈ ಸಲ ನಾವು ಏನನ್ನೂ ಸುರಿಯಲಿಲ್ಲ. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಅಂತ ಕೇಳಿದೆ. ನಿಂತ ಕಾರಿನಲ್ಲಿ ಇರಲಿಲ್ಲ. ಅದಕ್ಕೇ ಹುಡುಗನ ಅಂಕ ಸೊನ್ನೆ. ಓಡಿಸುವಾಗ ಕೆಲವೊಮ್ಮೆ ಇತ್ತು, ಕೆಲವೊಮ್ಮೆ ಇಲ್ಲ. ಕಾರಿನಲ್ಲಿ ಕೂತು ಬ್ಲೋವರ್ ಹಾಕಿ ಒಂದೊಂದೇ ಗುಂಡಿ ಒತ್ತುತ್ತಾ ಹೋದೆವು. ಗಾಳಿ ಮುಖಕ್ಕೆ ಬರುವ ಹಾಗೆ ಇಟ್ಟರೆ ಬಹಳ ಸಣ್ಣಗೆ. ಗಾಜಿಗೆ ತಿರುಗಿಸಿದರೆ ಅಷ್ಟೇ. ಕಾಲಿಗೆ ತಿರುಗಿಸಿದ ಕೂಡಲೇ ಹಿಂದಿನ ಸೀಟಿನಿಂದ ಕೂಗು ಬಂತು: “ಮಾಮ, 3! ಅಲ್ಲ, 4!”

ಹಿಂದಿನವರ ಕಾಲಿಗೆ ಗಾಳಿ ಬರಲಿ ಅಂತ ಹಲವು ಕಾರುಗಳಲ್ಲಿ ಮುಂದಿನ ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಗಾಳಿ ಕೊಳವೆ ಇರುತ್ತದೆ. ಬಾಯಿ ಹಿಂದಕ್ಕೆ ತೆರೆದಿರುತ್ತದೆ. ಕ್ಯಾನ್ ಉರುಳಿದ್ದು ಬ್ರೇಕ್ ಹಾಕಿದಾಗ. ಹಾಲು ಮುಂದಕ್ಕೆ ಅಲೆಯಾಗಿ ಹೋಗಿದೆ, ನೇರ ಆ ಬಾಯಿಯೊಳಕ್ಕೆ. ಸೀಟು ತೆಗೆದ ದಿನ ಆ ಕೊಳವೆ ನನ್ನ ಕಣ್ಣ ಮುಂದೆಯೇ ಇತ್ತು. ಹೊರಗಡೆ ಒರೆಸಿಯೂ ಇದ್ದೆ. ಒಳಗೆ ಬಗ್ಗಿ ನೋಡಿರಲಿಲ್ಲ.

ಕೊನೆಯ ತುಂಡು ಎಳೆದರೆ ಬಂತು. ಟಾರ್ಚ್ ಹಾಕಿ ನೋಡಿದರೆ ಕೊಳವೆಯ ತಳದಲ್ಲಿ ಒಣಗಿದ ಹಾಲು, ಗೆರೆ ಗೆರೆಯಾಗಿ ಬಿರುಕು ಬಿಟ್ಟು, ಬತ್ತಿದ ಕೆರೆಯ ಮಣ್ಣಿನ ಹಾಗೆ. ಅದನ್ನು ನಲ್ಲಿ ಕೆಳಗೆ ಹಿಡಿದು ಉಜ್ಜಿದೆವು. ಒಳಗಿನ ಭಾಗಕ್ಕೆ ನೀರು ಹಾಕುವಂತಿಲ್ಲ. ಬಾಗಿಸಿದ ತಂತಿಗೆ ಬಟ್ಟೆ ಬಿಗಿದು, ಮೊದಲು ಸೋಪು ನೀರು, ಆಮೇಲೆ ಸೋಡಾ ನೀರು, ಆಮೇಲೆ ಬರೀ ನೀರಿನಲ್ಲಿ ಹಿಂಡಿದ ಬಟ್ಟೆ ಎಂಟು ಹತ್ತು ಸಲ ಆಡಿಸಿದೆ. ಬಟ್ಟೆ ಬೆಳ್ಳಗೆ ಬರುವವರೆಗೆ.

ಮುಖಕ್ಕೆ ಬರುತ್ತಿದ್ದ ಸಣ್ಣ ವಾಸನೆ ಇನ್ನೂ ಬಾಕಿ. ಅದು ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಫಿಲ್ಟರ್. ಭಾವ ಯಾವಾಗಲೂ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿ ಎಸಿ ಹಾಕುವವರು. ಎರಡು ವಾರ ಆ ನಾತದ ಗಾಳಿಯೇ ಸುತ್ತಿ ಸುತ್ತಿ ಫಿಲ್ಟರ್ ಮೂಲಕ ಹೋಗಿದೆ. ಗ್ಲೋವ್‌ಬಾಕ್ಸ್ ಹಿಂದಿದ್ದ ಫಿಲ್ಟರ್ ಹೊರಗೆಳೆದು ಮೂಸಿದೆವು, ಬೇರೆ ಸಾಕ್ಷಿ ಬೇಕಾಗಲಿಲ್ಲ. ಹೊಸದು ಹಾಕಿ, ಗಾಜು ಇಳಿಸಿ, ಹೊರಗಿನ ಗಾಳಿ ತೆರೆದು, ಅರ್ಧ ಗಂಟೆ ಬ್ಲೋವರ್ ಜೋರಾಗಿ ಓಡಿಸಿದೆವು. ಫಿಲ್ಟರ್ ಮೊದಲೇ ಬದಲಿಸಿದ್ದರೆ ಅದೂ ಹಾಳಾಗುತ್ತಿತ್ತು, ಮೂಲ ಹೋದ ಮೇಲೆ ಹಾಕಿದ್ದೇ ಒಳ್ಳೆಯದಾಯಿತು.

ಓಝೋನ್ ಮೆಷಿನ್ ತರಿಸೋಣ್ವಾ ಅಂತ ನಡುವೆ ಒಂದು ಸಲ ಮಾತು ಬಂದಿತ್ತು. ಹೊಗೆಯಂಥ ವಾಸನೆಗೆ ಅದನ್ನು ಬಳಸುವವರಿದ್ದಾರೆ. ಆದರೆ ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ರಬ್ಬರ್ ಬಿರುಕು ಬಿಡಿಸುತ್ತದೆ, ಮತ್ತು ಪ್ಯಾಡ್ ಕೆಳಗಿನ ಮೊಸರಿಗೆ ಅದು ಏನೂ ಮಾಡುತ್ತಿರಲಿಲ್ಲ. ಇದ್ದಿಲಿನ ಚೀಲಗಳದ್ದೂ ಇದೇ ಕಥೆ. ಕೊನೆಯಲ್ಲಿ ಉಳಿದ ಚೂರುಪಾರಿಗೆ ಸರಿ, ಮೂಲಕ್ಕೆ ಅಲ್ಲ.

ಅವತ್ತೇ ಏನು ಮಾಡಬಹುದಿತ್ತು?

ಭಾವ ಕೇಳಿದ ಪ್ರಶ್ನೆ ಇದು. ಟವೆಲ್‌ನಿಂದ ಉಜ್ಜುವ ಬದಲು ಒತ್ತಬೇಕಿತ್ತು. ಒಣ ಬಟ್ಟೆ ಹಾಸಿ ಅದರ ಮೇಲೆ ನಿಂತು ಭಾರ ಹಾಕಿದರೆ ಕೆಳಗಿನದು ಮೇಲೆ ಬರುತ್ತದೆ. ಬಟ್ಟೆ ಬದಲಿಸಿ ಮತ್ತೆ ನಿಲ್ಲುವುದು, ಒಣ ಬಟ್ಟೆ ಒಣಗಿಯೇ ಉಳಿಯುವ ತನಕ. ಆಮೇಲೆ ಒಂದೊಂದೇ ಲೋಟ ತಣ್ಣೀರು, ಪ್ರತಿ ಲೋಟಕ್ಕೂ ಅಷ್ಟೇ ನೀರು ವಾಪಸ್ ಎಳೆಯುವುದು. ಅದೇ ದಿನ ಮಾಡಿದ್ದರೆ ಹಾಲು ಇನ್ನೂ ಹಾಲಾಗಿಯೇ ಇರುತ್ತಿತ್ತು, ನೀರಿನ ಜೊತೆ ಸಲೀಸಾಗಿ ಬರುತ್ತಿತ್ತು. ಮತ್ತೆ ಚೆಲ್ಲಿದ್ದೆಷ್ಟು, ಸಿಕ್ಕಿದ್ದೆಷ್ಟು ಅಂತ ಅಂದೇ ಅಳೆದಿದ್ದರೆ, ಕಾರ್ಪೆಟ್ ಎತ್ತಬೇಕಾ ಬೇಡವಾ ಅನ್ನುವುದು ಅಂದೇ ತಿಳಿಯುತ್ತಿತ್ತು.

ಪೆಟ್ರೋಲ್ ಚೆಲ್ಲಿದ್ದರೆ ಇದ್ಯಾವುದೂ ಅಲ್ಲ. ಅಲ್ಲಿ ವ್ಯಾಕ್ಯೂಮ್ ಹಾಕುವುದು, ಕಾರಿನೊಳಗೆ ಫ್ಯಾನ್ ಇಡುವುದು ಎರಡೂ ಅಪಾಯ. ಆವಿಗೆ ಒಂದು ಕಿಡಿ ಸಾಕು. ಬಾಗಿಲುಗಳನ್ನೆಲ್ಲ ತೆಗೆದು ದೂರ ನಿಲ್ಲಬೇಕು.

ಹಾಳೆ ಇನ್ನೂ ಅಕ್ಕನ ಫ್ರಿಜ್ ಮೇಲಿದೆ. ಇಪ್ಪತ್ತೊಂದನೇ ದಿನದಿಂದ ಕೆಳಗೆ ಸಾಲು ಸಾಲಾಗಿ ಸೊನ್ನೆ, ಬ್ಲೋವರ್ ಕಾಲಿಗೆ ಇಟ್ಟು ಮೂಸಿದ್ದಕ್ಕೆ ಬೇರೆ ಕಾಲಂ, ಅದರಲ್ಲೂ ಸೊನ್ನೆ. ನಾನು ಊರಿಗೆ ಹೊರಟ ದಿನ ಮಾತ್ರ 1 ಅಂತ ಬರೆದಿದ್ದಾನೆ. ಎದೆ ಧಸಕ್ ಅಂತು. ಷರಾ ಓದಿದೆ: ‘ಹಾಲು ಅಲ್ಲ. ಮಾಮನ ಕಾಲುಚೀಲ.’